ಪಕ್ಕದ ವೈರೂ ಹಾಡಿದರೆ

ಕೇಬಲ್ ಪತ್ತೆಹಚ್ಚುವ ಟೋನ್ ಜನರೇಟರ್ ಕಟ್ಟಬೇಕೆಂದರೆ ಹವ್ಯಾಸಿಗಳ ಕೈ ನೇರ 555 ಟೈಮರಿಗೆ ಹೋಗುತ್ತದೆ. ಹ್ಯಾನ್ಸ್ ಕ್ಯಾಮೆನ್‌ಜಿಂಡ್ ವಿನ್ಯಾಸ ಮಾಡಿದ, ಸಿಗ್ನೆಟಿಕ್ಸ್ 1972ರಲ್ಲಿ ಮಾರುಕಟ್ಟೆಗೆ ತಂದ ಈ ಐಸಿ ಅಗ್ಗ, ಗಟ್ಟಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. 9 ವೋಲ್ಟ್ ಬ್ಯಾಟರಿ, ಎರಡು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿಸಿದರೆ ಸುಮಾರು 1000 ಹರ್ಟ್ಜ್‌ನ ಚೌಕ ಅಲೆ ಬರುತ್ತದೆ. ಈ ತುದಿಯಲ್ಲಿ ವೈರಿಗೆ ಕೊಟ್ಟು, ಆ ತುದಿಯ ಕಂತೆಯಲ್ಲಿ ಪ್ರೋಬ್ ಆಡಿಸಿದರೆ ಸದ್ದು ಕೇಳಿಸುತ್ತದೆ. ತೊಂದರೆಯೆಂದರೆ, ಅಕ್ಕಪಕ್ಕದ ವೈರುಗಳಲ್ಲೂ ಕೇಳಿಸುತ್ತದೆ.

ತಪ್ಪು ಪ್ರೋಬಿನದ್ದಲ್ಲ, ಚೌಕ ಅಲೆಯದು. ಅದರಲ್ಲಿ ಮೂಲ ಆವೃತ್ತಿಯ ಜೊತೆಗೆ 3, 5, 7 ಪಟ್ಟಿನ ಹಾರ್ಮೋನಿಕ್‌ಗಳಿವೆ. ಮೂರನೆಯದರ ಬಲ ಮೂಲದ ಮೂರನೇ ಒಂದು ಭಾಗ. ಆದರೆ ವೈರಿನಿಂದ ವೈರಿಗೆ ಕೆಪಾಸಿಟೆನ್ಸ್ ಮೂಲಕ ಸೋರುವುದು ಆವೃತ್ತಿಯೊಂದಿಗೆ ಏರುತ್ತದೆ. ಮೂರು ಪಟ್ಟು ಆವೃತ್ತಿಗೆ ಮೂರು ಪಟ್ಟು ಸೋರಿಕೆ. ಹೀಗೆ ದುರ್ಬಲ ಹಾರ್ಮೋನಿಕ್ ಕೂಡ ಪಕ್ಕದ ವೈರಿಗೆ ಮೂಲದಷ್ಟೇ ಜೋರಾಗಿ ದಾಟುತ್ತದೆ. ಸದ್ದು ಹೆಚ್ಚಿಸಲೆಂದು ವೋಲ್ಟೇಜ್ ಏರಿಸುವವರು ಈ ಸೋರಿಕೆಯನ್ನೂ ಏರಿಸುತ್ತಾರೆ. ಒಳ್ಳೆಯ ಟೋನ್ ಜನರೇಟರಿನ ಲಕ್ಷಣ ಜೋರು ಸದ್ದಲ್ಲ, ಬೇರೆ ವೈರುಗಳ ಮೌನ.

ಮದ್ದು ದುಬಾರಿಯೇನಲ್ಲ. ಎರಡು ಮೂರು ಆರ್‌ಸಿ ಹಂತಗಳ ಫಿಲ್ಟರ್ ಹಾಕಿದರೆ ಅಲೆ ಸೈನ್ ಆಕಾರಕ್ಕೆ ಹತ್ತಿರ ಬರುತ್ತದೆ. ಆವೃತ್ತಿಯೂ ಯೋಚಿಸಿ ಆರಿಸಬೇಕಾದದ್ದು. ಟೆಲಿಫೋನ್ ಕೆಲಸದಲ್ಲಿ ಬಳಕೆಯಲ್ಲಿರುವ 577 ಹರ್ಟ್ಜ್ ನೋಡಿ: ನಮ್ಮ 50 ಹರ್ಟ್ಜ್ ಮೇನ್ಸಿನ ಹಾರ್ಮೋನಿಕ್‌ಗಳಾದ 550 ಮತ್ತು 600ರ ನಡುವೆ ಅದು ಕೂತಿದೆ, ಹಾಗಾಗಿ ಮೇನ್ಸ್ ಗುಂಯ್‌ಗುಡುವಿಕೆಯಿಂದ ಬೇರ್ಪಡಿಸಬಹುದು. ಎರಡು ಸ್ವರಗಳನ್ನು ಒಂದಾದ ಮೇಲೊಂದರಂತೆ ಕೊಟ್ಟರೆ ಕಿವಿಗೆ ಇನ್ನೂ ಸುಲಭ.

ಹೆಚ್ಚಿನವರು ಕಡೆಗಣಿಸುವುದು ಔಟ್‌ಪುಟ್‌ನಲ್ಲಿ ಇರಬೇಕಾದ ಸರಣಿ ರೆಸಿಸ್ಟರನ್ನು. ಸುಮಾರು 1 ಕಿಲೋಓಮ್ ಇದ್ದರೆ, ಅನುಮಾನದ ಜೋಡಿ ವೈರನ್ನು (ಪೇರ್) ಆ ತುದಿಯಲ್ಲಿ ಶಾರ್ಟ್ ಮಾಡಿದ ಕೂಡಲೇ ಟೋನ್ ಕುಸಿಯುತ್ತದೆ. ಸದ್ದು ನಿಂತ ಪೇರೇ ನಿಮ್ಮದು. ನನ್ನ ಮಟ್ಟಿಗೆ ಇದಕ್ಕಿಂತ ನಂಬಬಹುದಾದ ಪರೀಕ್ಷೆ ಇನ್ನೊಂದಿಲ್ಲ.

ಒಂದೆರಡು ಕೇಬಲ್ ಇರುವ ಮನೆಗೆ ಬರಿಯ 555 ಸಾಕು. ದಪ್ಪ ಕಂತೆಗೆ ಫಿಲ್ಟರ್ ಇಲ್ಲದ ಟೋನ್ ಜನರೇಟರ್ ಕೊಳ್ಳಬೇಡಿ, ಕಟ್ಟಲೂ ಬೇಡಿ. ಮತ್ತೆ, 230 ವೋಲ್ಟ್ ಇರುವ ವೈರಿಗೆ ಇದನ್ನು ಸಿಕ್ಕಿಸಲೇಬೇಡಿ. ಮೊದಲು ಮೇನ್ಸ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ.