ರೋಗಿಯ ಮಾತಿನ ಪ್ರಾಮಾಣ್ಯ: ‘ಇಂಪ್ಯೂರ್ ಸೈನ್ಸ್’ ಗ್ರಂಥದ ವಿಮರ್ಶೆ

ಸ್ಟೀವನ್ ಎಪ್‌ಸ್ಟೈನ್ ಅವರ ‘ಇಂಪ್ಯೂರ್ ಸೈನ್ಸ್’ 1996ರಲ್ಲಿ ಪ್ರಕಟವಾದ ಗ್ರಂಥ. ಅಮೆರಿಕದಲ್ಲಿ ಏಡ್ಸ್ ರೋಗವನ್ನು ಕುರಿತು ನಡೆದ ಸಂಶೋಧನೆಯೇ ಅದರ ವಸ್ತುವಾದರೂ, ವೈದ್ಯವಿಜ್ಞಾನದಲ್ಲಿ ಯಾರ ಮಾತು ಪ್ರಮಾಣವೆನಿಸುತ್ತದೆ, ಏತಕ್ಕೆ ಎನಿಸುತ್ತದೆ ಎಂಬುದು ಅದರ ನಿಜವಾದ ಜಿಜ್ಞಾಸೆ. ಇದು ನಮಗೆ ಅಪರಿಚಿತವಾದುದಲ್ಲ. ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬಯಸುವವನು ಆಪ್ತನೆಂದೂ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಹೇಳಿದ್ದಾನೆ.

ಗ್ರಂಥದ ಶ್ರೇಷ್ಠಭಾಗವು ಔಷಧಪರೀಕ್ಷೆಗಳನ್ನು ಕುರಿತದ್ದು. ಏಜೆಡ್‌ಟಿ ಔಷಧದ ಮೊದಲ ದೊಡ್ಡ ಪರೀಕ್ಷೆಯಲ್ಲಿ 145 ಮಂದಿಗೆ ಔಷಧವನ್ನೂ 137 ಮಂದಿಗೆ ಗುಣವಿಲ್ಲದ ಹುಸಿಗುಳಿಗೆಯನ್ನೂ ಕೊಡಲಾಗಿತ್ತು. 1986ರಲ್ಲಿ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸುವ ವೇಳೆಗೆ ಮೊದಲನೆಯ ಗುಂಪಿನಲ್ಲಿ ಒಬ್ಬರೂ ಎರಡನೆಯದರಲ್ಲಿ 19 ಮಂದಿಯೂ ತೀರಿಕೊಂಡಿದ್ದರು. ಇಂಥ ಪರೀಕ್ಷೆಗಳಲ್ಲಿ ಕೆಲವು ರೋಗಿಗಳು ತಮ್ಮ ಗುಳಿಗೆಯನ್ನು ರಸಾಯನಜ್ಞರಿಂದ ಪರೀಕ್ಷಿಸಿಕೊಂಡರು. ನಿಜವಾದ ಔಷಧವನ್ನು ತಮ್ಮೊಳಗೆ ಹಂಚಿಕೊಂಡರು. ಶಾಸ್ತ್ರದ ದೃಷ್ಟಿಯಿಂದ ಇದು ವಂಚನೆ. ಗ್ರಂಥಕರ್ತರು ಇದನ್ನು ಖಂಡಿಸುವುದೂ ಇಲ್ಲ, ಕೊಂಡಾಡುವುದೂ ಇಲ್ಲ. ರೋಗಿಯ ಒಪ್ಪಿಗೆಯನ್ನು ಗಳಿಸದ ಪರೀಕ್ಷೆಯು ಪರೀಕ್ಷೆಯಾಗಿಯೂ ಕೆಡುತ್ತದೆಂಬುದನ್ನು ತೋರಿಸುತ್ತಾರೆ. 1988ರ ಅಕ್ಟೋಬರಿನಲ್ಲಿ ಔಷಧನಿಯಂತ್ರಣ ಕಚೇರಿಯನ್ನು ಮುತ್ತಿದವರೇ ಮುಂದೆ ಸಂಖ್ಯಾಶಾಸ್ತ್ರವನ್ನೂ ಔಷಧಶಾಸ್ತ್ರವನ್ನೂ ಕಲಿತು ಸಂಶೋಧನ ಸಮಿತಿಗಳಲ್ಲಿ ಕುಳಿತ ವೃತ್ತಾಂತವು ಅತ್ಯಂತ ಸ್ವಾರಸ್ಯಕರವಾಗಿದೆ.

ಆದರೆ ಇವರಲ್ಲಿ ಬಹುಮಂದಿ ವಿದ್ಯಾವಂತರಾದ ಬಿಳಿಯ ನಗರವಾಸಿಗಳು. ಕಲಿತಂತೆಲ್ಲ ಅವರು ತಮ್ಮ ಸಂಗಡಿಗರಿಂದಲೇ ದೂರವಾದರೆಂಬುದನ್ನು ಎಪ್‌ಸ್ಟೈನ್ ಬಲ್ಲರು. ಬಲ್ಲರಾದರೂ ಅದರ ಪರಿಣಾಮವನ್ನು ಕೊನೆಯವರೆಗೆ ವಿಚಾರಿಸುವುದಿಲ್ಲ. ತಜ್ಞರ ಭಾಷೆಯನ್ನು ಕಲಿಯುವುದಕ್ಕೆ ಅವಕಾಶವೇ ಇಲ್ಲದವರ ಗತಿಯೇನು? 2004ರಲ್ಲಿ ಕಾಂಬೋಡಿಯದಲ್ಲಿ, ಟೆನೊಫೊವಿರ್ ಔಷಧವು ಸೋಂಕನ್ನು ತಡೆಯಬಲ್ಲುದೇ ಎಂದು 960 ಮಂದಿ ಲೈಂಗಿಕ ವೃತ್ತಿಯ ಸ್ತ್ರೀಯರಲ್ಲಿ ಪರೀಕ್ಷಿಸುವ ಯೋಜನೆಯಿದ್ದಿತು. ಅವರ ಸಂಘಟನೆಯು ಸಂಖ್ಯಾಶಾಸ್ತ್ರವನ್ನು ಚರ್ಚಿಸಲಿಲ್ಲ. ಮುಂದೆ ದೇಹಕ್ಕೆ ಕೇಡಾದರೆ ನೋಡಿಕೊಳ್ಳುವವರಾರು ಎಂದು ಕೇಳಿ, ದೀರ್ಘಕಾಲದ ವಿಮೆಯನ್ನು ಬೇಡಿತು. ಆಗಸ್ಟಿನಲ್ಲಿ ಪ್ರಧಾನಿ ಹುನ್ ಸೆನ್ ಯೋಜನೆಯನ್ನೇ ನಿಲ್ಲಿಸಿಬಿಟ್ಟರು. ಕೇಳಿದ್ದು ರಕ್ಷಣೆ, ದೊರೆತದ್ದು ನಿಷೇಧ. ಔಷಧದ ಗುಣವೂ ಅಲ್ಲಿ ನಿರ್ಣಯವಾಗಲಿಲ್ಲ.

ಈ ಘಟನೆಯು ಗ್ರಂಥಕ್ಕಿಂತ ಈಚಿನದು. ಅದನ್ನು ಸೇರಿಸಲಿಲ್ಲವೆಂಬುದು ಆಕ್ಷೇಪಣೆಯಲ್ಲ. ವಿಶ್ವಾಸಾರ್ಹತೆಯೆಂದರೆ ಕಲಿತು ಗಳಿಸುವ ಪದವಿ ಎಂಬ ಅದರ ತತ್ತ್ವವು ಇಲ್ಲಿ ಸಾಲದಾಗುತ್ತದೆಂಬುದೇ ಆಕ್ಷೇಪಣೆ. ಆ ಸ್ತ್ರೀಯರು ಆಪ್ತರಾದದ್ದು ತಮ್ಮ ಬಾಳನ್ನು ತಾವು ಬಲ್ಲವರಾದುದರಿಂದ. ನಮ್ಮ ಮೈಸೂರಿನ ಆಶೋದಯ ಸಮಿತಿಯು ಲೈಂಗಿಕ ವೃತ್ತಿಯವರದೇ ಸಂಘ. ಇಂಥದೇ ತಡೆಗುಳಿಗೆಯ ಪ್ರಾಯೋಗಿಕ ಯೋಜನೆಯಲ್ಲಿ ಅದು ನಡೆಸುವವರ ಸ್ಥಾನದಲ್ಲಿಯೇ ನಿಂತಿತು. ಎಪ್‌ಸ್ಟೈನರ ವಿವೇಚನೆಯನ್ನು ಮುಂದುವರಿಸಬಯಸುವ ವಿದ್ಯಾರ್ಥಿಗೆ ಸಾಮಗ್ರಿಯು ಸಮೀಪದಲ್ಲಿಯೇ ಇದೆ.

ರೋಗಕಾರಣದ ವಾದವಿವಾದಗಳಿಗೆ ಮೀಸಲಾದ ಪೂರ್ವಭಾಗವು, ಡ್ಯೂಸ್‌ಬರ್ಗ್ ಅವರ ಪಕ್ಷವನ್ನು ವಿವರಿಸುವಲ್ಲಿ ಬಹಳ ದೀರ್ಘವಾಗಿದೆ. ತರಗತಿಯಲ್ಲಿ ಪಾಠಹೇಳುವವರು ಉತ್ತರಭಾಗದಿಂದಲೇ ಪ್ರಾರಂಭಿಸಬಹುದು.