ಫಾರ್ಮ್ಯಾಟ್ ಹೊಡೆಯುವ ಮುನ್ನ

ರಾಬರ್ಟ್‌ಸನ್‌ಪೇಟೆಯ ಡಿಟಿಪಿ ಸೆಂಟರ್ ಇರಲಿ, ಬಂಗಾರಪೇಟೆ ರೈಲ್ವೆ ಸ್ಟೇಷನ್ ಕಡೆಯ ಝೆರಾಕ್ಸ್ ಅಂಗಡಿ ಇರಲಿ, ಕಂಪ್ಯೂಟರ್ ಹ್ಯಾಂಗ್ ಆಯಿತೆಂದರೆ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ‘ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು.’ ಹೇಳುವವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಫಾರ್ಮ್ಯಾಟ್ ಹೊಡೆದ ಯಂತ್ರ ಕೆಲವು ದಿನ ಚೆನ್ನಾಗಿಯೇ ಓಡುತ್ತದೆ. ಆಮೇಲೊಂದು ಮಧ್ಯಾಹ್ನ, ಗಿರಾಕಿ ಎದುರಿಗೆ ಕೂತಿರುವಾಗಲೇ, ಪರದೆ ಮತ್ತೆ ಅಲುಗಾಡದೆ ನಿಲ್ಲುತ್ತದೆ. ವಿಂಡೋಸನ್ನು ಓಡಿಸುವ ಸಿಸ್ಟಂ ಫೈಲುಗಳು ತಾವಾಗಿ ಕೆಡುವುದು ಬಹಳ ಅಪರೂಪ. ಕೆಡಿಸಿದವರು ಯಾರೆಂದು ಪತ್ತೆಹಚ್ಚುವುದರಲ್ಲೇ ಈ ಕೆಲಸದ ರುಚಿ ಇರುವುದು.

ಫಾರ್ಮ್ಯಾಟಿನ ನಿಜವಾದ ಖರ್ಚು ಮೆಕ್ಯಾನಿಕ್‌ಗೆ ಕೊಡುವ ಕೂಲಿಯಲ್ಲಿ ಕಾಣುವುದಿಲ್ಲ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಮದುವೆ ಕರೆಯೋಲೆಯಿಂದ ತಿಥಿ ಕಾರ್ಡಿನವರೆಗೆ ಇನ್ನೂ ಎಷ್ಟೋ ಕೆಲಸ ನುಡಿ ಮತ್ತು ಪೇಜ್‌ಮೇಕರ್ ಮೇಲೆ ನಡೆಯುತ್ತದೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆ ವರ್ಷದ ಫೆಬ್ರುವರಿ 28ರಂದೇ ಇಲ್ಲಿ ಕೆಜಿಎಫ್‌ನಲ್ಲಿ ಚಿನ್ನದ ಗಣಿ ಮುಚ್ಚಿತು. ಆ ಕಾಲದ ಪೇಜ್‌ಮೇಕರ್ ಸೀಡಿ ಈಗ ಯಾರ ಬೀರುವಿನಲ್ಲಿದೆಯೋ! ಅದನ್ನು ಹುಡುಕಿ, ನುಡಿ ಹಾಕಿ, ಪ್ರಿಂಟರಿನ ಡ್ರೈವರ್ ಕೂರಿಸಿ, ಡಿಜಿಟಲ್ ಸಹಿಯ ಟೋಕನ್ ಒಪ್ಪಿಸುವಷ್ಟರಲ್ಲಿ ಎರಡು ದಿನದ ವ್ಯಾಪಾರ ಹೋಗಿರುತ್ತದೆ.

ಆದ್ದರಿಂದ ಮೊದಲು ಹ್ಯಾಂಗ್‌ನ ಜಾತಿ ಗುರುತಿಸಬೇಕು. ಪರದೆ ನಿಂತಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡಿನ ದೀಪ ಹತ್ತಿ ಆರುತ್ತಿದ್ದರೆ ವಿಂಡೋಸ್‌ನ ಒಳಜೀವ ಇನ್ನೂ ಇದೆ, ಮೇಲಿನ ಯಾವುದೋ ಪ್ರೋಗ್ರಾಂ ಇಲ್ಲವೇ ಡಿಸ್ಕ್ ಕಾಯಿಸುತ್ತಿದೆ. ದೀಪವೂ ಸತ್ತಿದ್ದರೆ ಅನುಮಾನ ಡ್ರೈವರ್, ರ‍್ಯಾಮ್ ಅಥವಾ ಬಿಸಿಯ ಕಡೆ ತಿರುಗಬೇಕು. ಮೌಸಿನ ಬಾಣ ಓಡಾಡುತ್ತಿದೆ, ಕ್ಲಿಕ್ ಮಾತ್ರ ಕೇಳುತ್ತಿಲ್ಲ, ಹಾರ್ಡ್ ಡಿಸ್ಕಿನ ದೀಪ ಮಿಟುಕಿಸದೆ ಉರಿಯುತ್ತಲೇ ಇದೆ ಎಂದರೆ ಮುಕ್ಕಾಲು ಪಾಲು ಕೇಸು ಡಿಸ್ಕಿನದೇ. ಇನ್ನೊಂದು ವಿಷಯ: ವಿಂಡೋಸ್ 8ರಿಂದೀಚೆಗೆ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಸಾಮಾನ್ಯವಾಗಿ ಎಲ್ಲವೂ ಹೊಸದಾಗಿ ಶುರುವಾಗುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಹಳೆಯದರ ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಕೊಂಡಿರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಪೂರ್ತಿ ಹೊಸ ಆರಂಭ.

ಬಿಸಿಯ ಮಾತು ಕೆಜಿಎಫ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ. ಗಾಳಿ ಎದ್ದ ದಿನ ಗಣಿತ್ಯಾಜ್ಯದ ಸೈನೈಡ್ ಗುಡ್ಡದ ಬೂದು ಧೂಳು ಯಾವ ಮನೆಯನ್ನೂ ಬಿಡುವುದಿಲ್ಲ. ಅದು ಕ್ಯಾಬಿನೆಟ್ಟಿನೊಳಗೆ ಹೊಕ್ಕು ಪ್ರೊಸೆಸರ್ ಮೇಲಿನ ಹೀಟ್‌ಸಿಂಕಿನ ಸಂದುಗಳಲ್ಲಿ ಕೂತರೆ ಫ್ಯಾನ್ ತಿರುಗಿಯೂ ಪ್ರಯೋಜನವಿಲ್ಲ. ಬೆಳಗ್ಗೆ ಸರಿ ಇದ್ದು ಮಧ್ಯಾಹ್ನಕ್ಕೆ ಹ್ಯಾಂಗ್ ಆಗುವ ಯಂತ್ರವನ್ನು ಮೊದಲು ಬಿಚ್ಚಿ ಬ್ಲೋವರ್ ಹೊಡೆಯಿರಿ. ಆ ಯಂತ್ರದಲ್ಲಿ ಸಿಸ್ಟಂ ಫೈಲ್ ನಿರಪರಾಧಿಯಾಗಿರುವ ಸಾಧ್ಯತೆಯೇ ಹೆಚ್ಚು.

ಮುಂದಿನ ಆರೋಪಿ ಕರೆಂಟ್. ಗಣಿಗಳಿಗಾಗಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಇಷ್ಟು ಹಳೆಯ ಕರೆಂಟಿನ ಊರಲ್ಲೂ ಯುಪಿಎಸ್ ಬಗ್ಗೆ ನಮಗೆ ಅಸಡ್ಡೆ. ಬ್ಯಾಟರಿ ಸತ್ತು ವರ್ಷವಾದರೂ ಪೆಟ್ಟಿಗೆ ಮೇಜಿನ ಕೆಳಗೆ ಕುಂಯ್‌ಗುಡುತ್ತಾ ಕೂತಿರುತ್ತದೆ. ವಿಂಡೋಸ್ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋದರೆ ಏನಾಗುತ್ತದೆ? ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕಪುಸ್ತಕವನ್ನು ಜೋಪಾನ ಮಾಡುತ್ತದೆ. ಆದರೆ ಫೈಲಿನ ಒಳಗೆ ಅರ್ಧ ಬರೆದದ್ದು ಅರ್ಧವೇ ಉಳಿಯುತ್ತದೆ. ಹೊರಗಿನಿಂದ ಹೆಸರು, ಅಳತೆ ಎಲ್ಲ ಸರಿ, ಒಳಗೆ ಟೊಳ್ಳು. ವಿಂಡೋಸ್ ಆ ಫೈಲನ್ನು ಕರೆದ ಗಳಿಗೆಯಲ್ಲಿ ಹ್ಯಾಂಗ್.

ಇದನ್ನು ಹಿಡಿಯಲು ಮೈಕ್ರೋಸಾಫ್ಟ್ ಕೊಟ್ಟಿರುವ ಸಲಕರಣೆ ಸಿಸ್ಟಂ ಫೈಲ್ ಚೆಕರ್. ವಿಂಡೋಸ್ 98ರ ಕಾಲದ ಹೆಸರು, ಕೆಲಸ ಮಾತ್ರ ಆಗಿನಿಂದ ಬಹಳ ಬದಲಾಗಿದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಫ್‌ಸಿ, ಸ್ಪೇಸ್, ಓರೆಗೆರೆ, ಸ್ಕ್ಯಾನ್‌ನೌ ಎಂದು ಟೈಪ್ ಮಾಡಿದರೆ ಅದು ರಕ್ಷಿತ ಫೈಲುಗಳ ಗುರುತನ್ನು ಒಂದೊಂದಾಗಿ ತಾಳೆ ನೋಡುತ್ತದೆ. ಕೆಟ್ಟದ್ದು ಸಿಕ್ಕರೆ ಅಸಲಿ ಪ್ರತಿಯನ್ನು ತರುವುದು ಎಲ್ಲಿಂದ? ವಿಂಡೋಸ್ ಫೋಲ್ಡರಿನೊಳಗೇ ವಿನ್‌ಎಸ್‌ಎಕ್ಸ್‌ಎಸ್ ಎಂಬ ದೊಡ್ಡ ಫೋಲ್ಡರ್ ಇದೆ. ಗಣಿ ಕಂಪನಿಯ ಸ್ಟೋರ್ಸ್ ಇದ್ದ ಹಾಗೆ, ಅಸಲಿ ಬಿಡಿಭಾಗಗಳೆಲ್ಲ ಅಲ್ಲಿ. ಜಾಗ ತಿನ್ನುತ್ತದೆಂದು ಅದಕ್ಕೆ ಕೈ ಹಾಕುವವರಿದ್ದಾರೆ, ದಯವಿಟ್ಟು ಬೇಡ.

ತಕರಾರು ಶುರುವಾಗುವುದು ಈ ಸ್ಟೋರ್ಸೇ ಕೆಟ್ಟಾಗ. ಆಗ ಎಸ್‌ಎಫ್‌ಸಿ ಕೆಟ್ಟ ಫೈಲ್ ಸಿಕ್ಕಿದೆ, ಕೆಲವನ್ನು ಸರಿಪಡಿಸಲಾಗಲಿಲ್ಲ ಎಂದು ಕೈಚೆಲ್ಲುತ್ತದೆ. ಅಲ್ಲಿಗೆ ಬೇಕಾದದ್ದು ಡಿಸ್ಮ್ ಎಂಬ ಇನ್ನೊಂದು ಕಮಾಂಡ್, ರಿಸ್ಟೋರ್‌ಹೆಲ್ತ್ ಆಯ್ಕೆಯೊಂದಿಗೆ. ಅದು ಇಂಟರ್ನೆಟ್ ಮೂಲಕ ವಿಂಡೋಸ್ ಅಪ್‌ಡೇಟಿನಿಂದ ಒಳ್ಳೆಯ ಪ್ರತಿ ತಂದು ಸ್ಟೋರ್ಸ್ ತುಂಬುತ್ತದೆ. ಹಾಗಾಗಿ ಡಿಸ್ಮ್ ಮೊದಲು, ಎಸ್‌ಎಫ್‌ಸಿ ಆಮೇಲೆ. ಮೈಕ್ರೋಸಾಫ್ಟ್ ಹೇಳುವುದೂ ಇದೇ ಕ್ರಮ. ಶೇ 62ರ ಆಸುಪಾಸಿನಲ್ಲಿ ಡಿಸ್ಮ್ ಬಹಳ ಹೊತ್ತು ನಿಂತುಬಿಡುವುದುಂಟು. ಹ್ಯಾಂಗ್ ಆಯಿತೆಂದು ಕಿಟಕಿ ಮುಚ್ಚಬೇಡಿ, ಹೋಗಿ ಟೀ ಕುಡಿದು ಬನ್ನಿ. ಕೆಲಸ ಮುಗಿದ ಮೇಲೆ ಸಿಬಿಎಸ್ ಎಂಬ ಲಾಗ್ ಫೈಲಿನಲ್ಲಿ ಯಾವ ಯಾವ ಫೈಲ್ ಕೆಟ್ಟಿತ್ತೆಂಬ ಪಟ್ಟಿ ಇರುತ್ತದೆ. ಹೆಚ್ಚಿನವರು ಓದದೆ ಬಿಡುವುದು ಇದನ್ನೇ, ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸುವುದೂ ಇದೇ. ಇಂದು ಒಂದು ಫೈಲ್, ನಾಳೆ ಸಂಬಂಧವೇ ಇಲ್ಲದ ಮತ್ತೊಂದು ಎಂದು ಹೆಸರು ಬದಲಾಗುತ್ತಲೇ ಇದ್ದರೆ ರ‍್ಯಾಮ್ ಪರೀಕ್ಷಿಸಿ. ಪರೀಕ್ಷೆಯ ಸಾಧನವೂ ವಿಂಡೋಸಿನಲ್ಲೇ ಇದೆ.

ಡಿಸ್ಮ್ ಕೂಡ ಸೋಲುವ ಯಂತ್ರಗಳು ನಮ್ಮ ಕಡೆ ಧಾರಾಳವಾಗಿವೆ. ಕಾರಣ ‘ಲೈಟ್’ ವಿಂಡೋಸ್. ಹಳೆಯ ಯಂತ್ರಕ್ಕೆ ಹಗುರವಾಗಲಿ ಎಂದು ಯಾರೋ ಅಂಗಾಂಗ ಕತ್ತರಿಸಿ ಪೆನ್‌ಡ್ರೈವಿಗೆ ತುಂಬಿಟ್ಟ ವಿಂಡೋಸ್ ಅದು. ಎಷ್ಟೋ ಬಾರಿ ಅದರಲ್ಲಿ ಸ್ಟೋರ್ಸನ್ನೇ ಖಾಲಿ ಮಾಡಿರುತ್ತಾರೆ, ಅಪ್‌ಡೇಟ್ ಕಿತ್ತಿರುತ್ತಾರೆ, ಮೇಲೊಂದು ಆಕ್ಟಿವೇಟರ್. ಕೆಲವು ಆಕ್ಟಿವೇಟರುಗಳು ಸಿಸ್ಟಂ ಫೈಲನ್ನೇ ತಿದ್ದುತ್ತವೆ. ಅಂಥ ಯಂತ್ರದಲ್ಲಿ ಎಸ್‌ಎಫ್‌ಸಿ ಓಡಿಸುವುದು ಕಾಲಹರಣ. ಯಾವುದೋ ಡಿಎಲ್‌ಎಲ್ ಕಾಣೆಯಾಗಿದೆ ಎಂದರೆ ಸಿಕ್ಕಸಿಕ್ಕ ಕಡೆಯಿಂದ ಇಳಿಸಿಕೊಂಡು ಸಿಸ್ಟಂ32ಕ್ಕೆ ತುರುಕುವುದು ಇನ್ನೂ ಅಪಾಯ.

ಒಂದೇ ಒಂದು ಕೆಟ್ಟ ಫೈಲ್ ಎಷ್ಟು ದೂರ ಕೆಡಿಸಬಲ್ಲದು ಎಂಬುದು 2024ರ ಜುಲೈ 19ರಂದು ಗೊತ್ತಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ದೋಷಪೂರಿತ ಫೈಲಿನಿಂದ ಜಗತ್ತಿನಾದ್ಯಂತ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೈಕೊಟ್ಟು ಸಿಬ್ಬಂದಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದರು. ಆ ದೋಷಪೂರಿತ ಫೈಲ್ ವಿಂಡೋಸಿನ ಸ್ವಂತದ್ದಲ್ಲ, ವಿಂಡೋಸಿನ ಗರ್ಭದಲ್ಲಿ ಕೂತ ಡ್ರೈವರ್ ಓದುತ್ತಿದ್ದ ಫೈಲ್. ಮದ್ದು ಸರಳವಾಗಿತ್ತು: ಸೇಫ್ ಮೋಡಿನಲ್ಲಿ ಹೋಗಿ ಆ ಫೈಲನ್ನು ಅಳಿಸುವುದು. ಫಾರ್ಮ್ಯಾಟ್ ಬೇಕಾಗಿರಲಿಲ್ಲ.

ಇಷ್ಟಾಗಿಯೂ ದುರಸ್ತಿಯಾದ ಫೈಲ್ ತಿಂಗಳೊಳಗೆ ಮತ್ತೆ ಕೆಟ್ಟರೆ? ಆಗ ಡಿಸ್ಕನ್ನೇ ಹಿಡಿಯಬೇಕು. ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗಿನಲ್ಲಿ ಡಿಸ್ಕಿನ ಹೆಸರಲ್ಲಿ 7 ಅಥವಾ 153, ಎನ್‌ಟಿಎಫ್‌ಎಸ್ ಹೆಸರಲ್ಲಿ 55 ಇದೆಯೇ ನೋಡಿ. 7 ಎಂದರೆ ಕೆಟ್ಟ ಬ್ಲಾಕ್, 153 ಎಂದರೆ ಕೇಳಿದ್ದು ಬಾರದೆ ಮತ್ತೆ ಕೇಳಬೇಕಾಯಿತೆಂದು, 55 ಎಂದರೆ ಲೆಕ್ಕಪುಸ್ತಕವೇ ಹರಿದಿದೆಯೆಂದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಳದಿ ಬಣ್ಣದಲ್ಲಿ ‘ಕಾಷನ್’ ಎಂದರೆ ಮೊದಲು ಫೈಲುಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿಕೊಳ್ಳಿ. ಸಾಯುತ್ತಿರುವ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಚೆಕ್‌ಡಿಸ್ಕ್ ಓಡಿಸಿದರೆ ಉಳಿದ ಪ್ರಾಣವೂ ಹೋದೀತು. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತುವವರಿಗೆ ಹೇಳಿದರೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಒಂದು ಎಸ್‌ಎಸ್‌ಡಿ ತಂದುಕೊಟ್ಟಾರು.

ಡಿಸ್ಕ್ ಚೆನ್ನಾಗಿದ್ದು ವಿಂಡೋಸ್ ಮಾತ್ರ ಹಟ ಹಿಡಿದರೂ ಫಾರ್ಮ್ಯಾಟಿಗೆ ಮುಂಚೆ ಒಂದು ಮೆಟ್ಟಿಲು ಉಳಿದಿದೆ. ಅಸಲಿ ವಿಂಡೋಸಿನ ಐಎಸ್‌ಒ ತೆರೆದು, ಓಡುತ್ತಿರುವ ವಿಂಡೋಸಿನೊಳಗಿಂದಲೇ ಸೆಟಪ್ ನಡೆಸಿ, ಫೈಲು ಮತ್ತು ಆ್ಯಪ್ ಎರಡನ್ನೂ ಉಳಿಸಿಕೊಳ್ಳುವ ಆಯ್ಕೆ ಗುರುತು ಮಾಡಿ. ಸಿಸ್ಟಂ ಫೈಲುಗಳೆಲ್ಲ ಹೊಸದಾಗುತ್ತವೆ, ನುಡಿಯೂ ಪೇಜ್‌ಮೇಕರೂ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಇದಕ್ಕೆ ಒಂದೆರಡು ಗಂಟೆ ಹಿಡಿಯುತ್ತದೆ ಎಂಬ ಕಾರಣಕ್ಕೇ ಅಂಗಡಿಗಳು ಹೇಳುವುದಿಲ್ಲವೇನೋ.

ಮುಂದಿನ ಸಲ ‘ವಿಂಡೋಸ್ ಹೋಗಿದೆ’ ಎಂದು ಯಾರಾದರೂ ಹೇಳಿದರೆ ಎರಡು ಚೀಟಿ ಕೇಳಿ: ಡಿಸ್ಕಿನ ಆರೋಗ್ಯದ್ದೊಂದು, ಎಸ್‌ಎಫ್‌ಸಿ ಕೊಟ್ಟ ಉತ್ತರದ್ದೊಂದು. ಎರಡನ್ನೂ ತೋರಿಸದವರ ಕೈಗೆ ಯಂತ್ರ ಕೊಡಬೇಡಿ.