ಬೆಂಡು ಮುಳುಗುವ ಹೊತ್ತು

ಮಾರ್ಚ್ ಬಂತೆಂದರೆ ರಾಯದುರ್ಗ, ಮಡಕಶಿರಾ ಸೀಮೆಯ ಕೆರೆನೀರು ದಡ ಬಿಟ್ಟು ಒಳಗೆ ಸರಿಯುತ್ತದೆ. ವೇದಾವತಿಗೆ ಕಟ್ಟಿದ ಭೈರವಾನಿತಿಪ್ಪ ಜಲಾಶಯದಲ್ಲಿ ನೀರು ನಿಂತ ವರ್ಷವಂತೂ ಗಾಳದವರಿಗೆ ಹಬ್ಬ. ಬಿದಿರ ಕೋಲು, ದಾರ, ನವಿಲುಗರಿ ದಂಟಿನ ಬೆಂಡು, ಎರೆಹುಳು, ಇಷ್ಟೇ ಸಾಮಾನು. ಎಂಥ ಚೆಂದದ ವಿದ್ಯೆ! ಜಿಲೇಬಿ ಮೀನು ಬೆಂಡನ್ನು ಮೊದಲು ಸುಮ್ಮನೆ ನಡುಗಿಸುತ್ತದೆ. ಅವಸರಪಟ್ಟಿರೋ, ಹುಳು ಹೋಯಿತು. ಬೆಂಡು ಓರೆಯಾಗಿ ಜಾರಿ ಮುಳುಗಿದಾಗಲೇ ಎಳೆಯಬೇಕು. ಕೊರಮೀನಿನ ದಾರಿಯೇ ಬೇರೆ: ಗಾಳಿ ಕುಡಿಯಲು ಅದು ಮೇಲೆ ಬರಲೇಬೇಕು, ಬಲ್ಲವರಿಗೆ ಆ ಗುಳ್ಳೆಯೇ ಗುರುತು. ಬಿಸಿಲೇರಿದರೆ ಮೀನು ಆಳಕ್ಕಿಳಿಯುತ್ತದೆ; ಮುಂಜಾನೆಯೇ ಸರಿ. ನೀರ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಮಾತ್ರ ಅಲ್ಲಿ ಗಾಳ ಹಾಕಬೇಡಿ. ಕೆಳಗೆ ತಂದೆತಾಯಿ ಕೊರಮೀನು ಕಾವಲಿರುತ್ತವೆ.